ಎರಡು ಕೋಲಿನ ಗೆರೆ

1997ರ ಮಾರ್ಚ್ 16, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಅರವತ್ತೊಂದನೇ ನಂಬರಿನ ಖಾಲಿ ಸೈಟಿನಲ್ಲಿ ಕೊಟ್ರಪ್ಪ ಕುಕ್ಕರುಗಾಲಲ್ಲಿ ಕೂತು ಒಣಹುಲ್ಲು ಕೊಯ್ಯುತ್ತಿದ್ದ. ಎಡಗೈ ತುಂಬ ಹಿಡಿಯುವುದು, ಬಲಗೈಯ ಕುಡುಗೋಲನ್ನು ಬುಡಕ್ಕೆ ಹಾಕಿ ತನ್ನ ಕಡೆಗೆ ಎಳೆಯುವುದು, ಕೊಯ್ದದ್ದನ್ನು ಪಕ್ಕಕ್ಕೆ ಹಾಕಿ ಒಂದು ಹೆಜ್ಜೆ ಸರಿಯುವುದು. ಐದು ವರ್ಷ ನೋಡುತ್ತ ಬಂದ ಕೆಲಸ, ಕೈಗೂ ಬಂದಿರುತ್ತದೆ ಎಂದುಕೊಂಡಿದ್ದ. ಬಂದಿರಲಿಲ್ಲ. ಅರ್ಧ ಗಂಟೆಯಲ್ಲಿ ಎರಡು ಬೆರಳು ಕೊಯ್ದುಕೊಂಡಿದ್ದ, ಕಾಲು ಜೋಮು ಹಿಡಿದಿತ್ತು, ಕೆಲಸ ಆಗಿದ್ದದ್ದು ಒಂದು ಚಾಪೆಯಗಲ.

ಈ ಸೈಟುಗಳಲ್ಲಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದ ಮುನಿಯಕ್ಕ ನಿನ್ನೆ ತೀರಿಕೊಂಡಿದ್ದಳು. ಮಧ್ಯಾಹ್ನ ಹನ್ನೆರಡರ ಮೇಲೆ ಅವಳ ಚಟ್ಟ ಇದೇ ರಸ್ತೆಯಲ್ಲಿ ಹೋಗುವುದಿತ್ತು. ಕಾಡುಗೋಡಿಯ ಹಳೇ ಊರಿನಿಂದ ಸ್ಮಶಾನಕ್ಕೆ ಬಡಾವಣೆಯೊಳಗಿನ ರಸ್ತೆಯೇ ದಾರಿ. ಚಟ್ಟದ ಮುಂದೆ ತಮಟೆ, ತಮಟೆಯ ಮುಂದೆ ಪಟಾಕಿ, ಅದು ಊರಿನ ಪದ್ಧತಿ. ಬಡಾವಣೆಯ ನೂರಾ ಹನ್ನೆರಡು ಸೈಟುಗಳಲ್ಲಿ ಮನೆ ಎದ್ದಿದ್ದವು ಮೂವತ್ತೆಂಟು. ಉಳಿದ ಕಡೆಯೆಲ್ಲ ಹುಲ್ಲು, ಗಿಡ, ಪೊದೆ ಮೊಳಕಾಲಿನಿಂದ ಎದೆಯವರೆಗೆ ಒಣಗಿ ನಿಂತಿದ್ದವು. ಅವುಗಳ ಅಂಚಿನಲ್ಲಿ, ಮನೆಗಳ ಗೋಡೆಯುದ್ದಕ್ಕೂ ರಸ್ತೆಯುದ್ದಕ್ಕೂ, ಮುನಿಯಕ್ಕ ಈ ವರ್ಷವೂ ಸಂಕ್ರಾಂತಿ ಕಳೆದ ಮೇಲೆ ಬೆಂಕಿಗೆರೆ ಕೊಯ್ದಿದ್ದಳು. ಬೆಂಕಿ ಬಂದರೆ ದಾಟದಂತೆ ನೆಲ ಕಾಣುವ ಹಾಗೆ ಹೆರೆದ ಬೋಳು ಪಟ್ಟಿ. ಈ ಅರವತ್ತೊಂದು ಮಾತ್ರ ಉಳಿದಿತ್ತು. ಇದರ ಪೂರ್ವಕ್ಕೆ ಆತುಕೊಂಡಿರುವುದು ಕೊಟ್ರಪ್ಪನದೇ ಅಡುಗೆಮನೆಯ ಗೋಡೆ.

ಅಂಗಿಯ ಜೇಬಿನಲ್ಲಿ ಮಡಿಸಿದ ಒಂದು ಕಾಗದ ಬಗ್ಗಿದಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು. ಬಡಾವಣೆಯ ಸಂಘದ ಅಧ್ಯಕ್ಷ ವಿಶ್ವನಾಥ್ ನಿನ್ನೆ ಸಂಜೆ ಸಾವಿನ ಸುದ್ದಿ ಕೇಳಿದ ಒಂದು ಗಂಟೆಯೊಳಗೆ ಅದನ್ನು ಟೈಪು ಮಾಡಿಸಿ ತಂದುಕೊಟ್ಟಿದ್ದರು. "ಆಯಮ್ಮ ಹೋಗಿಬಿಟ್ಲು, ಪಾಪ. ಇನ್ಯಾರಿದಾರೆ ಕೊಟ್ರಪ್ಪನವ್ರೇ? ಡೋಜರ್‌ಗೆ ಹೇಳಿಬಿಟ್ಟಿದೀನಿ. ಸೋಮವಾರ ಒಂಬತ್ತಕ್ಕೆ ಬರುತ್ತೆ, ಎಲ್ಲಾ ಕ್ಲೀನ್. ಸೆಕ್ರೆಟರಿ ಸೈನ್ ಒಂದು ಬೇಕು." ಕೊಟ್ರಪ್ಪ ಸಹಿ ಹಾಕಿರಲಿಲ್ಲ. ಹಾಕುವುದಿಲ್ಲ ಎಂದೂ ಹೇಳಿರಲಿಲ್ಲ. ಬೆಳಕು ಹರಿಯುತ್ತಲೇ ಕುಡುಗೋಲು ಹಿಡಿದು ಇಲ್ಲಿಗೆ ಬಂದಿದ್ದ.

"ಅಯ್ಯೋ ಸಾಮಿ, ಅದೇನ್ ಮಾಡ್ತಾ ಇದ್ದೀರಾ?"

ಸಿದ್ದಕ್ಕ. ಮುನಿಯಕ್ಕನ ತಂಗಿ. ಅತ್ತು ಅತ್ತು ಕಣ್ಣು ಊದಿದ್ದವು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬಿದಿರುಕೋಲು.

"ಗೆರೆ ಕೊಯ್ತಿದೀನಿ ಸಿದ್ದಕ್ಕ. ಇದೊಂದು ಉಳಿದಿತ್ತಲ್ಲ."

"ಕೊಯ್ದು ಅಲ್ಲೇ ಆಸ್ಕೊಂಡು ಕೂತಿದ್ದೀರಲ್ಲ! ನಿಂತಿರೋ ಉಲ್ಲಿಗಿಂತ ಮಲಗಿರೋ ಉಲ್ಲು ಬಿರ್ರನೆ ಅತ್ಕೊಳ್ತದೆ. ಬೆಂಕಿಗೆ ಆಸಿಗೆ ಆಸಿದ್ದೀರಾ?"

ಕೊಟ್ರಪ್ಪ ಹಿಂದಿರುಗಿ ನೋಡಿದ. ಕೊಯ್ದ ಪಟ್ಟಿಯ ಉದ್ದಕ್ಕೂ ಕೊಯ್ದ ಹುಲ್ಲೇ ಹರಡಿ ಬಿದ್ದಿತ್ತು. ಅವನು ಔಷಧ ಕಾರ್ಖಾನೆಯೊಂದರ ಪರೀಕ್ಷಾಲಯದಲ್ಲಿ ಹದಿನೆಂಟು ವರ್ಷದಿಂದ ಪುಡಿಗಳ ತೇವಾಂಶ ಅಳೆಯುತ್ತಿದ್ದವನು. ಇಷ್ಟು ಹೊಳೆಯಬೇಕಿತ್ತು.

"ಬುಡಿ, ನಾನು ಅದುಕ್ಕೇ ಬಂದೆ. ದನ ನಿನ್ನೆ ಸಂಜೆಯಿಂದ ಬಾಯಾಡ್ಸಿಲ್ಲ. ಮನೆ ತುಂಬ ಜನ, ದನದ ಕಡೆ ನೋಡೋರು ಒಬ್ರಿಲ್ಲ." ಹಗ್ಗ ಬಿಚ್ಚುತ್ತ ಮುಂದೆ ಬಂದವಳು ಒಮ್ಮೆಲೆ ಕೋಲು ಅಡ್ಡ ಹಿಡಿದಳು. "ಆ ಕಡೆ ಕಾಲಿಡ್ಬೇಡಿ! ಕೂತೈತೆ ನೋಡಿ."

ಗೋಡೆಯಿಂದ ನಾಲ್ಕು ಹೆಜ್ಜೆ ಆಚೆ, ಪೊರಕೆ ಕಟ್ಟುವ ಹಂಚಿಕಡ್ಡಿ ಹುಲ್ಲಿನ ಬುಡದಲ್ಲಿ, ಹುಲ್ಲಿನದೇ ಬಣ್ಣದ ಏನೋ ಒಂದು ಅಲುಗಾಡದೆ ಕೂತಿತ್ತು. ಕಣ್ಣು ಮಾತ್ರ ಕಪ್ಪಗೆ ಹೊಳೆಯಿತು. ಗೌಜಲಹಕ್ಕಿ.

"ಐದು ಮೊಟ್ಟೆ ಐತೆ. ಅಕ್ಕ ಅದುಕ್ಕೇ ಇದನ್ನ ಬಿಟ್ಟಿದ್ದು. ಮರಿಯಾಗಿ ಓಡ್ಲಿ, ಆಮೇಲೆ ಕೊಯ್ತೀನಿ ಅಂದಿದ್ಲು."

"ಇವತ್ತು ಪಟಾಕಿ ಹೊಡೀತಾರಲ್ಲ ಸಿದ್ದಕ್ಕ. ಬಿಡೋಕಾಗಲ್ಲ."

"ಯಾರು ಬಿಡಿ ಅಂದ್ರು? ಸುತ್ತಾಕೊಂಡು ಓಗೋದು." ಸಿದ್ದಕ್ಕ ಆ ಹುಲ್ಲಿನ ಗುಂಪಿನ ಆಚೆ ಅಂಚಿಗೆ ಕೋಲಿನ ತುದಿಯಿಟ್ಟು ನೆಲದ ಮೇಲೆ ಮಲಗಿಸಿದಳು. ಅದು ಮುಗಿದಲ್ಲಿ ಹೆಬ್ಬೆರಳು ಊರಿ, ಕೋಲು ಮುಂದಕ್ಕೆ ಹಾಕಿ ಇನ್ನೊಮ್ಮೆ ಮಲಗಿಸಿದಳು. "ಇದೊಂದು, ಇದೊಂದು. ಆಚೆ ಏನಾರ ಇರ್ಲಿ. ಈ ಎರಡು ಕೋಲಿನಾಗೆ ಒಂದ್ ಕಡ್ಡೀನೂ ಇರ್ಬಾರ್ದು."

ಕೊಟ್ರಪ್ಪ ಆ ಕೋಲನ್ನು ಗುರುತಿಸಿದ. ಹಿಡಿದ ಕಡೆ ಬೆವರಿಗೆ ಕಪ್ಪಾದ, ತಲೆಗೆ ಕೆಂಪು ಬಟ್ಟೆ ಸುತ್ತಿದ ಕೋಲು. ಮುನಿಯಕ್ಕ ಅದನ್ನು ತನ್ನ ಎತ್ತರಕ್ಕೆ ಸರಿಯಾಗಿ ಕಡಿದುಕೊಂಡಿದ್ದಳು.

"ಮುರಳಿ ಚಟ್ಟಕ್ಕೆ ಕಟ್ಟಕ್ಕೆ ಎತ್ಕೊಂಡಿದ್ದ. ಬಿದಿರು ಸಾಲ್ದಂತೆ. ಇದು ಗಿಡ್ಡ ಆಯ್ತದೆ ಕಣ್ಲಾ, ನಿಮ್ಮವ್ವನಷ್ಟೇ ಉದ್ದ ಅಂತ ಕಿತ್ಕೊಂಡ್ ಬಂದೆ." ಸೆರಗಿನಿಂದ ಮೂಗು ಒರೆಸಿಕೊಂಡು ಕುಡುಗೋಲಿಗೆ ಕೈ ಚಾಚಿದಳು. "ಕೊಡಿ ಇಲ್ಲಿ. ನೀವು ಕೊಯ್ಯೋದ್ರೊಳಗೆ ಅಕ್ಕನ ತಿಥಿ ಆಯ್ತದೆ."

ಎಂಟೂಕಾಲರ ತನಕ ಇಬ್ಬರೂ ಸರದಿಯ ಮೇಲೆ ಗೋಡೆಯ ಕಡೆಯೂ ರಸ್ತೆಯ ಕಡೆಯೂ ಕೊಯ್ದು, ಕೊಯ್ದದ್ದನ್ನೆಲ್ಲ ಬಳಿದು ಹೊರೆ ಕಟ್ಟಿದರು.

*

1992ರ ಫೆಬ್ರವರಿ 23, ಅದೂ ಭಾನುವಾರವೇ. ಕೊಟ್ರಪ್ಪ ಕೊಟ್ಟೂರಿನ ಕಡೆಯವನು. ಮನೆ ಕಟ್ಟಿ ಇಲ್ಲಿಗೆ ಬಂದು ಆಗ ಎಂಟು ತಿಂಗಳಾಗಿತ್ತು. ಪಕ್ಕದ ಸೈಟಿನಲ್ಲಿ ಹಾವು ಕಂಡೆನೆಂದು ಹೆಂಡತಿ ಚನ್ನಬಸಮ್ಮ ಹೇಳಿದ್ದಳು. ಕೊಟ್ರಪ್ಪ ಎರಡು ಬಕೆಟ್ ನೀರು ತುಂಬಿಟ್ಟುಕೊಂಡ. ಕರವಸ್ತ್ರ ಎತ್ತಿ ಹಿಡಿದು ಗಾಳಿಯಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಹುಲ್ಲಿಗೆ ಕಡ್ಡಿ ಗೀರಿದ.

ಉರಿ ತನ್ನ ಗಾಳಿಯನ್ನು ತಾನೇ ಎಬ್ಬಿಸಿಕೊಳ್ಳುತ್ತದೆ ಎಂಬುದು ಅವನಿಗೆ ಪುಸ್ತಕದಲ್ಲಿ ಗೊತ್ತಿತ್ತು. ಅದು ಎಷ್ಟು ಬೇಗ ಎಬ್ಬಿಸಿಕೊಳ್ಳುತ್ತದೆ ಎಂಬುದು ಗೊತ್ತಿರಲಿಲ್ಲ. ಎರಡು ಬಕೆಟ್ ನೀರು ಮುಗಿಯುವಷ್ಟರಲ್ಲಿ ಬೆಂಕಿ ಅಡುಗೆಮನೆಯ ಗೋಡೆ ತಲುಪಿ, ಒಣಹಾಕಿದ್ದ ಸೀರೆಗೆ ಹತ್ತಿ, ಕಿಟಕಿಯ ಹಲಗೆ ನೆಕ್ಕುತ್ತಿತ್ತು. ಒಳಗೆ ಚನ್ನಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಕಿಟಕಿಯ ಕೆಳಗೇ ಗ್ಯಾಸಿನ ಸಿಲಿಂಡರು.

ಗಿಡ್ಡ ಹೆಂಗಸೊಬ್ಬಳು ಎರಡು ದನಗಳನ್ನು ರಸ್ತೆಯಲ್ಲೇ ಬಿಟ್ಟು ಓಡಿಬಂದಳು. ಕೈಯಲ್ಲಿ ಹಸಿ ಹೊಂಗೆಯ ಕೊಂಬೆ. "ಗ್ಯಾಸ್ ಆಚೆ ಎಳೀರಿ! ಅಮ್ಮಯ್ಯಾ, ಮುಂದಿನ ಬಾಗ್ಲಿಂದ ಈಚೆ ಬಾ!" ಎಂದು ಕೂಗುತ್ತ ಗೋಡೆಗೆ ಬೆನ್ನು ಕೊಟ್ಟು ನಿಂತು, ಉರಿಯ ಬುಡಕ್ಕೆ ಕೊಂಬೆ ಹಾಕಿದಳು. ಮೇಲೆ ಬಡಿಯಲಿಲ್ಲ. ಎತ್ತಿ ಹೊಡೆಯಲಿಲ್ಲ. ಅದನ್ನು ಅಲ್ಲೇ ನೆಲಕ್ಕೆ ಒತ್ತುತ್ತ, ಎಳೆಯುತ್ತ ಹೋದಳು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿತ್ತು.

ಚನ್ನಬಸಮ್ಮ ಚೊಂಬು ನೀರು ತಂದುಕೊಟ್ಟಳು. ಆ ಹೆಂಗಸಿನ ಮುಂಗೈ ಕೂದಲು ಸುಟ್ಟು ಕರಕಾಗಿತ್ತು. ಗಟಗಟ ಕುಡಿದು ಕೇಳಿದಳು:

"ಯಾರು ಅಚ್ಚಿದ್ದು?"

"ನಾನೇ," ಎಂದ ಕೊಟ್ರಪ್ಪ.

"ಓದಿರೋರಾ?"

"ಹೂಂ."

"ಅದುಕ್ಕೇ." ಉಳಿದ ನೀರನ್ನು ತಲೆಯ ಮೇಲೆ ಸುರಿದುಕೊಂಡು ಅವಳು ನಕ್ಕುಬಿಟ್ಟಳು. "ಆವಿಗೆ ಬೆಂಕಿ ಅಚ್ಚಿದ್ರೆ ಆವು ನಿಮ್ಮನೆಗೇ ಬತ್ತದೆ ಸಾಮಿ. ಇನ್ನೆಲ್ಲಿಗೆ ಓಗ್ತದೆ? ಎಲ್ಲಾನೂ ಸುಡೋದ್ಯಾಕೆ, ದಾಟ್ದಂಗೆ ಒಂದು ಗೆರೆ ಇದ್ರೆ ಸಾಲ್ದಾ?"

ಮರುದಿನ ಬೆಳಿಗ್ಗೆ ಅವಳು ಕೋಲು, ಕುಡುಗೋಲು ತಂದಳು. ಹತ್ತಡಿ ಬಿಟ್ಟರೆ ಸಾಕೇನೋ ಎಂದು ಕೊಟ್ರಪ್ಪ ಹೇಳಿದಾಗ, "ಅಡಿಗಿಡಿ ನನಗೊತ್ತಿಲ್ಲ. ನಾನು ಎರಡು ಸಲ ಮಲಗೋವಷ್ಟು," ಎಂದು ಕೋಲನ್ನು ಎರಡು ಸಲ ನೆಲಕ್ಕೆ ಹಾಕಿ ತೋರಿಸಿದ್ದಳು. ಅವಳ ಹೆಸರು ಕೇಳಿದ್ದು ಆಮೇಲೆ.

*

ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಕೊಟ್ರಪ್ಪ ಮುನಿಯಕ್ಕನ ಅಂಗಳಕ್ಕೆ ಬಂದಾಗ ಜನ ತಿರುಗಿ ನೋಡಿದರು. ಅವಳನ್ನು ಜಗಲಿಯ ಮೇಲೆ ಮಲಗಿಸಿದ್ದರು. ಎದೆಯ ಮೇಲೆ ಸೇವಂತಿಗೆ ಹಾರ, ಹಣೆಯ ಮೇಲೆ ಕಾಸು. ನಿನ್ನೆ ಸಂಜೆ ದನಕ್ಕೆ ನೀರಿಟ್ಟು ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತವಳು ಹಾಗೇ ಹೋಗಿಬಿಟ್ಟಿದ್ದಳು. ಅರವತ್ತೆರಡೋ ಅರವತ್ತನಾಲ್ಕೋ, ವಯಸ್ಸನ್ನು ಯಾರೂ ಬರೆದಿಟ್ಟಿರಲಿಲ್ಲ.

ಗುಂಡಿ ತೋಡಿಸುವ ಯಜಮಾನಿಕೆ ವಹಿಸಿಕೊಂಡಿದ್ದ ರಾಮಾಂಜಿನಪ್ಪ, ಊರಿನ ಹಿರಿಯ, ಬೀಡಿ ಬಾಯಿಂದ ತೆಗೆದು ಅಂದ: "ಎಲ್ಲಾರೂ ಆರ ತಂದ್ರೆ ನಮ್ ಲೇಔಟಿನ ಸೆಕ್ರೆಟ್ರಿ ಉಲ್ಲು ತಂದವ್ರೆ ನೋಡ್ರಪ್ಪೋ!"

"ಆರ ದನ ತಿನ್ನಲ್ಲ. ಸುಮ್ಕಿರಣ್ಣ," ಎಂದು ಸಿದ್ದಕ್ಕ ಹೊರೆ ಇಳಿಸಿಕೊಂಡಳು.

ದನಗಳು ಮುಸುಡಿ ಹಾಕಿ ತಿನ್ನತೊಡಗಿದವು. ಆ ಕರಕರ ಸದ್ದು ಕೇಳಿ ಹೆಂಗಸರ ಅಳು ಅರೆಗಳಿಗೆ ನಿಂತಿತು. ಎದುರುಮನೆಯ ರಾಮಮ್ಮ ಕಣ್ಣೊರೆಸಿಕೊಂಡಳು. "ನಮ್ಮುಡುಗಿ ಬಾಣಂತನಕ್ಕೆ ಲೆಕ್ಕಿ ಸೊಪ್ಪು ಎಲ್ಲೂ ಸಿಕ್ಕಿರ್ಲಿಲ್ಲ ಕಣಮ್ಮಾ. ಇವಳು ಆ ಸೈಟುಗಳ ಮಧ್ಯದಿಂದ ದಿನಾ ಒಂದು ಕಂತೆ ತಂದಾಕ್ತಿದ್ಲು. ನಾಕಾಣೆ ಕೊಡಕ್ಕೋದ್ರೆ, ನಿಮ್ಮಪ್ಪ ನೆಟ್ಟಿದ್ನೇನೇ ಅಂತ ಬೈಯ್ತಿದ್ಲು."

"ಪ್ರತಿ ಯುಗಾದಿಗೂ ಮನೆಮನೆಗೆ ಒಂದೊಂದು ಹಂಚಿಕಡ್ಡಿ ಪೊರಕೆ," ಅಂದರು ಇನ್ನೊಬ್ಬರು. "ನಮ್ಮನೆ ಪೊರಕೆ ಸವೆದೈತೆ, ಈ ಸಲ ಇನ್ನೂ ಬರ್ಲಿಲ್ವಲ್ಲ ಅಂತ ಮೊನ್ನೆ ತಾನೇ ಅಂದ್ಕೊಂಡೆ."

ಚನ್ನಬಸಮ್ಮ ಆಗಲೇ ಬಂದು ಹೆಂಗಸರ ಮಧ್ಯೆ ಕೂತಿದ್ದಳು. ಆರು ವರ್ಷವಾದರೂ ಮಾತು ಊರಿನದೇ. "ಆಕಿ ಅವತ್ತ ಬರಲಿಲ್ಲಂದ್ರ ನಾ ಇವತ್ತ ಇಲ್ಲಿ ಕುಂದ್ರತಿದ್ದಿಲ್ರೀ ಯವ್ವಾ. ಬರೇ ಒಂದು ಚೊಂಬು ನೀರು ಕುಡದು ಹೋದ್ಲು. ಒಂದು ರೊಟ್ಟಿ ತಿನ್ನವ್ವಾ ಅಂದ್ರ, ರಾಗಿಮುದ್ದಿ ತಿನ್ನೋ ಹೊಟ್ಟಿಗೆ ರೊಟ್ಟಿ ಗುರುತಾಗೂದಿಲ್ಲಂದ್ಲು." ಅಳುವಿನ ನಡುವೆಯೇ ನಾಲ್ಕು ಜನ ನಕ್ಕರು. ಮುನಿಯಕ್ಕ ಹಾಗೆ ಅಂದಿರುತ್ತಾಳೆ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಮಗ ಮುರಳಿ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ. ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ಹೆಲ್ಪರ್. ಅವನ ಪಕ್ಕದಲ್ಲಿ ಕೆಂಪು ಕಾಗದ ಸುತ್ತಿದ ಪಟಾಕಿ ಸರ, ದಿಂಬಿನಷ್ಟು ದಪ್ಪದ್ದು. ಕೊಟ್ರಪ್ಪ ಅವನ ಪಕ್ಕ ಕೂತ.

"ಮುರಳಿ, ತಪ್ಪು ತಿಳೀಬೇಡ. ಲೇಔಟ್ ಒಳಗೆ ಪಟಾಕಿ ಬೇಡ ಅಂತ..."

"ಅದೆಂಗಾಯ್ತದೆ ಸಾಮಿ?" ರಾಮಾಂಜಿನಪ್ಪ ಅಲ್ಲಿಂದಲೇ ಕೂಗಿದ. "ನಮ್ ಕಡೆ ಎಣ ಕದ್ದು ಓಗಲ್ಲ."

ಮುರಳಿ ತಲೆಯೆತ್ತಲಿಲ್ಲ. ಗಂಟು ಬಿಗಿದು ಮುಗಿಸಿ ಹೇಳಿದ: "ಸಾರ್, ನಾನು ಹುಟ್ಟಿದಾಗಿಂದ ನೋಡಿದೀನಿ. ನಮ್ಮವ್ವ ಆ ಹುಲ್ಲಿನ ಮಧ್ಯೆ ಸದ್ದಿಲ್ದೆ ಓಡಾಡಿದ್ಲು. ಅವಳು ಬಂದಿದ್ದೂ ಗೊತ್ತಾಗ್ತಿರ್ಲಿಲ್ಲ, ಹೋಗಿದ್ದೂ ಗೊತ್ತಾಗ್ತಿರ್ಲಿಲ್ಲ. ನಿಮ್ ಲೇಔಟಲ್ಲಿ ಎಷ್ಟೋ ಜನಕ್ಕೆ ಅವಳ ಹೆಸರೇ ಗೊತ್ತಿಲ್ಲ. ಇವತ್ತೊಂದಿನ ಸದ್ದಾಗ್ಲಿ ಬಿಡಿ."

ಕೊಟ್ರಪ್ಪ ಹಗ್ಗದ ಇನ್ನೊಂದು ತುದಿ ಹಿಡಿದುಕೊಟ್ಟ. ತಾನೂ ಅವಳನ್ನು ಹೆಸರು ಕೇಳುವ ಮೊದಲು ಎರಡು ದಿನ ದುಡಿಸಿಕೊಂಡಿದ್ದವನು.

ಅದನ್ನು ಬಿಗಿಯುತ್ತ ಮುರಳಿಯೇ ಅಂದ: "ದಾರಿಯುದ್ದಕ್ಕೂ ಬೇಡ. ನಾಲ್ಕು ರಸ್ತೆ ಕೂಡೋ ಕಡೆ ಟಾರ್ ಮೇಲೆ ಒಂದೇ ಸರ. ಅಲ್ಲಿ ಹೆಂಗೂ ಚಟ್ಟ ಇಳಿಸಿ ತಲೆ ದಿಕ್ಕು ತಿರುಗಿಸ್ತೀವಲ್ಲ. ಆಯ್ತಾ?"

ನಾಲ್ಕು ರಸ್ತೆ ಕೂಡುವುದು ಅರವತ್ತೊಂದನೇ ಸೈಟಿನ ಮೂಲೆಯಲ್ಲೇ.

"ಆಯ್ತು," ಎಂದ ಕೊಟ್ರಪ್ಪ. "ನಾಲ್ಕು ಗೋಣಿಚೀಲ ನೆನೆಸಿಟ್ಕೊಳ್ಳೋಣ."

"ಅವ್ವನ ಗೋಣಿ ಕೊಟ್ಟಿಗೇಲಿದಾವೆ. ಅವಳೇ ನೆನೆಸಿಟ್ಟಿರ್ತಾಳೆ ನೋಡಿ, ಬೇಸಿಗೇಲಿ ಯಾವಾಗ್ಲೂ."

ನೋಡಿದರೆ ನಿಜ. ಕಲ್ಲುಬಾನಿಯಲ್ಲಿ ಗೋಣಿಗಳು ನೆನೆಯುತ್ತಿದ್ದವು.

*

ಡೋಜರ್ ಒಮ್ಮೆ ಬಂದಿತ್ತು. 1994ರಲ್ಲಿ. ಆಗಲೂ ಸೆಕ್ರೆಟರಿ ಕೊಟ್ರಪ್ಪನೇ, ಆಗ ಸಹಿ ಹಾಕಿದ್ದ. ಪಶ್ಚಿಮದ ಇಪ್ಪತ್ತಾರು ಸೈಟುಗಳನ್ನು ಒಂದೇ ದಿನದಲ್ಲಿ ಹೆರೆದು ಕೆಂಪು ಮಣ್ಣು ಮಾಡಿಬಿಟ್ಟರು. ತಂಗಡಿ, ಕಾರೆ, ಲೆಕ್ಕಿ, ಎರಡು ಈಚಲು ಎಲ್ಲ ಬೇರುಸಮೇತ ರಾಶಿ. ಚೊಕ್ಕಟವಾಯಿತೆಂದು ಎಲ್ಲರಿಗೂ ಸಂತೋಷ. ಮುನಿಯಕ್ಕ ಬಂದು ನಿಂತು ನೋಡಿದಳು. ಬೈಯಲಿಲ್ಲ. "ಮಳೆ ಬರ್ಲಿ ನೋಡು ಸಾಮಿ, ಬರಿ ನೆಲಕ್ಕೆ ಯಾರು ಬಂದು ಕೂತ್ಕೊಳ್ತಾರೆ ಅಂತ," ಎಂದಷ್ಟೇ ಹೇಳಿ ಹೋದಳು.

ಮಳೆಗಾಲದಲ್ಲಿ ಬಂದು ಕೂತದ್ದು ಕಾಂಗ್ರೆಸ್ ಗಿಡ. ಇಪ್ಪತ್ತಾರು ಸೈಟಿಗೆ ಇಪ್ಪತ್ತಾರು ಸೈಟೂ ಎದೆಯೆತ್ತರ ಬಿಳಿ ಹೂ. ಮಕ್ಕಳಿಗೆ ಉಬ್ಬಸ, ದೊಡ್ಡವರಿಗೆ ಕೈಕಾಲು ತುರಿಕೆ. ದನ ಮೂಸಿಯೂ ನೋಡಲಿಲ್ಲ. ಜನವರಿಗೆ ಅದೆಲ್ಲ ಒಣಗಿ ಕಡ್ಡಿಯಾಗಿ, ಹುಲ್ಲಿದ್ದ ಕಾಲಕ್ಕಿಂತ ಜೋರಾಗಿ ಎರಡು ಸಲ ಉರಿಯಿತು.

ಅದರ ಮರುವರ್ಷ ಕೊಟ್ರಪ್ಪ ನೋಟ್‌ಪುಸ್ತಕ ಹಿಡಿದು ಮುನಿಯಕ್ಕನ ಹಿಂದೆ ಸೈಟು ಸೈಟು ತಿರುಗಿದ. ಅವಳು ಕೋಲು ತೋರಿಸುತ್ತ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ.

"ಇದು ಬಂದ್ರೆ. ಎಣ್ಣೆ ಸೊಪ್ಪು, ಅಸಿ ಇದ್ರೂ ಉರೀತದೆ. ಗೋಡೆ ತಾವ ಬ್ಯಾಡ, ನಡು ಮಧ್ಯ ಇರ್ಲಿ. ಇದು ತಂಗಡಿ. ಬ್ಯಾಸ್ಗೇಲೂ ಅಸ್ರು, ಇದು ಗೆರೆ ಪಕ್ಕ ಇದ್ರೆ ಒಳ್ಳೇದು. ಕಾಂಗ್ರೆಸ್ ಗಿಡ ಕಂಡ್ರೆ ಊ ಬಿಡೋಕ್ ಮುಂಚೆ ಕಿತ್ತಾಕು. ಉಲ್ಲು ಸಂಕ್ರಾಂತಿಗೆ ಮುಂಚೆ ಕೊಯ್ಯಬ್ಯಾಡ, ಬೀಜ ಉದುರ್ಲಿ ತಡಿ. ನೆಲ ತುಂಬಿದ್ರೆ ಆ ಬಿಳಿ ಊವಿಗೆ ಜಾಗ ಎಲ್ಲೈತೆ?"

"ಇದರ ಹೆಸರು?"

"ಅದುಕ್ಕೆ ಎಸರಿಲ್ಲ. ಸೈಟ್ ನಂಬರ್ ಕೊಟ್ಬುಡು."

ನಲವತ್ತಮೂರು ಜಾತಿ ಆದವು. ಗೆರೆಯ ಅಗಲ ಎಂಬ ಕಾಲಮ್ಮಿನಲ್ಲಿ ಕೊಟ್ರಪ್ಪ ಪ್ರತಿ ಸೈಟಿಗೂ ಒಂದೇ ಬರೆದಿದ್ದ: 2 ಕೋಲು. ಅಳತೆಯಲ್ಲಿ ಅಷ್ಟು ಕಟ್ಟುನಿಟ್ಟಿನವನು ಆ ಕೋಲಿಗೆ ಟೇಪು ಹಿಡಿಯುವುದನ್ನು ಮಾತ್ರ ಮರೆತಿದ್ದ. ಕೋಲು ಇತ್ತಲ್ಲ. ಕೋಲು ಹಿಡಿದವಳೂ ಇದ್ದಳಲ್ಲ.

*

ಹನ್ನೆರಡೂವರೆಗೆ ಚಟ್ಟ ನಾಲ್ಕು ರಸ್ತೆಯ ಕೂಡಿನಲ್ಲಿ ಇಳಿಯಿತು. ಮುರಳಿ ಕೆಂಡದ ಮಡಕೆ ಹಿಡಿದು ಮುಂದೆ ನಿಂತಿದ್ದ. ದಾರಿಯುದ್ದಕ್ಕೂ ಎರಚಿದ ಪುರಿ ಟಾರಿನ ಮೇಲೆ ಬೆಳ್ಳಗೆ ಬಿದ್ದಿತ್ತು. ವಿಶ್ವನಾಥ್ ತಮ್ಮ ಮನೆಯ ಗೇಟಿನಲ್ಲಿ ಕೈಕಟ್ಟಿ ನಿಂತಿದ್ದರು. ಕೊಟ್ರಪ್ಪ ಒದ್ದೆ ಗೋಣಿ ಹೆಗಲಿಗೆ ಹಾಕಿಕೊಂಡು ತಾವು ಬೆಳಿಗ್ಗೆ ಕೊಯ್ದ ಗೆರೆಯ ಮೇಲೆ ನಿಂತ. ಅವನಿಗೆ ಎರಡು ಹೆಜ್ಜೆ ಹಿಂದೆ ಗೌಜಲದ ಹುಲ್ಲುಗುಂಪು.

ಸರ ಹತ್ತಿತು. ಹಳೇ ಊರಿನ ನಾಯಿಗಳೆಲ್ಲ ಓಡಿದವು. ಮುನಿಯಕ್ಕನಿಗೆ ಬರಬೇಕಾಗಿದ್ದ ಸದ್ದು ಪೂರ್ತಿ ಬಂತು. ಕೊಟ್ರಪ್ಪನಿಗೂ ಒಂದು ಕ್ಷಣ, ಆಗಲಿ, ಇಷ್ಟಾದರೂ ಆಗಲಿ ಎನ್ನಿಸಿತು. ಸರ ಇನ್ನೇನು ಮುಗಿಯಿತು ಎನ್ನುವಾಗ ಅರ್ಧ ಉರಿದ ತುಂಡೊಂದು ಚಿಮ್ಮಿ, ರಸ್ತೆಬದಿಯ ಗೆರೆಯನ್ನು ಗಾಳಿಯಲ್ಲೇ ದಾಟಿ, ಅರವತ್ತೊಂದರ ನಡುವಿನ ಹಂಚಿಕಡ್ಡಿಯೊಳಗೆ ಬಿತ್ತು.

ಮೊದಲು ನೂಲಿನಷ್ಟು ಹೊಗೆ. ಆಮೇಲೆ ಒಮ್ಮೆಲೆ ಬುಸ್ಸೆಂದು ಉರಿ.

ಕೊಟ್ರಪ್ಪನ ಹಿಂದಿನಿಂದ ಗೌಜಲಹಕ್ಕಿ ಕಿರುಚಿಕೊಂಡು ಹಾರಿಹೋಯಿತು. ತಮಟೆ ನಿಂತಿತು. "ನಾನು ಹೇಳಿರ್ಲಿಲ್ವೇನ್ರೀ!" ಎಂದು ವಿಶ್ವನಾಥ್ ಗೇಟಿನಿಂದ ಕೂಗುತ್ತ ಓಡಿಬಂದರು. "ಯಾರಾದ್ರೂ ಫೈರ್ ಇಂಜಿನ್‌ಗೆ ಫೋನ್ ಮಾಡ್ರೀ!" ಮುರಳಿ ಮಡಕೆ ಹಿಡಿದಂತೆಯೇ ನಿಂತ. ಅದನ್ನು ಅವನು ನಡುದಾರಿಯಲ್ಲಿ ಕೆಳಗಿಡುವಂತಿರಲಿಲ್ಲ. ಚನ್ನಬಸಮ್ಮ ಸೆರಗು ಬಾಯಿಗೊತ್ತಿಕೊಂಡು ತನ್ನ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿದ್ದಳು.

ಬಂದ್ರೆಗೆ ಹತ್ತಿದಾಗ ಉರಿ ಆಳೆತ್ತರ ಎದ್ದಿತು. ನಾಲ್ಕೈದು ಜನ ಗೋಣಿ ಹಿಡಿದು ಒಳಗೆ ನುಗ್ಗಲು ಹೋದರು. ಸಿದ್ದಕ್ಕ ಕೋಲನ್ನು ಅಡ್ಡ ಹಿಡಿದಳು.

"ಒಳಕ್ಕೋಗ್ಬೇಡ್ರಲಾ! ಗೆರೆ ಮ್ಯಾಲೆ ನಿಂತ್ಕಳಿ. ಆರಿ ಬಂದ ಕಿಡೀನ ಒತ್ರಿ, ಸಾಕು. ಉಳಿದಿದ್ದು ಅದೇ ನಿಲ್ತದೆ."

ನಿಂತರು. ಕೊಟ್ರಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತ, ಮುನಿಯಕ್ಕ ಅವತ್ತು ನಿಂತಿದ್ದ ಹಾಗೆ. ಉರಿ ಅವನ ಕಡೆಗೇ ಬಂತು. ಮುಖ ಸುಡುತ್ತಿತ್ತು, ಹುಬ್ಬು ಚುರುಗುಟ್ಟಿತು. ಗೆರೆಯ ಅಂಚಿಗೆ ಬಂದು ಬೆಂಕಿ ಒಮ್ಮೆ ಬಗ್ಗಿತು, ಮುಂದೆ ಏನಿದೆ ಎಂದು ನೋಡುವ ಹಾಗೆ. ಮುಂದೆ ಕೆಂಪು ನೆಲ ಬಿಟ್ಟರೆ ಏನೂ ಇರಲಿಲ್ಲ. ಎರಡು ಕಿಡಿ ಹಾರಿಬಂದವು, ಗೋಣಿಯಿಂದ ಒತ್ತಿದ. ಮೂರನೆಯದು ಬರಲಿಲ್ಲ. ಉರಿ ಕುಗ್ಗಿ ಹೊಗೆಯಾಯಿತು. ಅವನು ಗಡಿಯಾರ ನೋಡಿಕೊಂಡ. ಹತ್ತಿ ಆರುವುದಕ್ಕೆ ಐದು ನಿಮಿಷವಾಗಿತ್ತು. ಇನ್ನೂರು ಜನ ಮುನಿಯಕ್ಕನ ಚಟ್ಟದ ಸುತ್ತ ನಿಂತು ಅವಳ ಕೆಲಸವನ್ನು ಮೊದಲ ಸಲ ನೋಡಿದ್ದರು.

"ನಿಂತೇಬಿಡ್ತಲ್ರೀ," ಎಂದರು ವಿಶ್ವನಾಥ್, ಏದುಸಿರು ಬಿಡುತ್ತ.

"ಅವ್ವನ ಗೆರೆ ಸಾರ್ ಅದು," ಎಂದ ಮುರಳಿ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

"ಇದು ಸಾಮಿ ಕೊಯ್ದಿದ್ದು ಕಣೋ, ಬೆಳಗ್ಗೆ," ಎಂದಳು ಸಿದ್ದಕ್ಕ. "ಅರ್ಧ ನಾನು. ಅಳತೆ ಮಾತ್ರ ಅವ್ಳುದು."

ವಿಶ್ವನಾಥ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಅಲ್ಲಮ್ಮಾ, ಮುಂದಿನ ವರ್ಷ ಯಾರು ಕೊಯ್ತಾರೆ?"

"ಯಾಕೆ, ನನಗೆ ಕೈಯಿಲ್ವಾ? ಕೋಲೊಂದಿದ್ರೆ ನಾನೂ ಕೊಯ್ತೀನಿ. ಅಕ್ಕನ ಮುಂದೆ ನಾನ್ಯಾಕೆ ಮುಂದಾಗ್ಲಿ ಅಂತ ಸುಮ್ಕಿದ್ದೆ."

ವಿಶ್ವನಾಥ್ ಕೊಟ್ರಪ್ಪನ ಜೇಬಿನಿಂದ ಇಣುಕುತ್ತಿದ್ದ ಕಾಗದವನ್ನು ನೋಡಿದರು. ಚಪ್ಪಲಿ ಬದಿಗೆ ಬಿಟ್ಟು, ಮುನಿಯಕ್ಕನ ಕಾಲ ಕಡೆಗೆ ಹೋಗಿ ಕೈಮುಗಿದು ನಿಂತರು. ತಮಟೆ ಮತ್ತೆ ಶುರುವಾಯಿತು. ಚಟ್ಟ ಎತ್ತುವಾಗ ಹಿಂದಿನ ಬಲಮೂಲೆಗೆ ಕೊಟ್ರಪ್ಪ ಹೆಗಲು ಕೊಟ್ಟ. ಅವಳು ಇಷ್ಟು ಹಗುರ ಎಂದು ಅವನು ಎಣಿಸಿರಲಿಲ್ಲ.

*

ಸ್ಮಶಾನದಲ್ಲಿ ರಾಮಾಂಜಿನಪ್ಪ ಗುಂಡಿಯೊಳಗೆ ಇಳಿದು ಕೈ ಚಾಚಿದ. "ಎಷ್ಟುದ್ದ ಬೇಕು ಅಂತ ಬೆಳಗ್ಗಿಂದ ಕೇಳ್ತಿದ್ದೀನಿ, ಒಬ್ರೂ ಏಳ್ಲಿಲ್ಲ. ಅಂದಾಜಿಗೆ ತೋಡ್ಸಿದ್ದೀನಿ. ಅವ್ಳ ಕೋಲು ಕೊಡಿ ಇಲ್ಲಿ." ಕೋಲನ್ನು ತಳಕ್ಕಿಟ್ಟು ನೋಡಿದ. ತಲೆಯ ಕಡೆ ಒಂದು ಗೇಣು, ಕಾಲಿನ ಕಡೆ ಒಂದು ಗೇಣು ಉಳಿಯಿತು. "ಸರ್ಯಾಗೈತೆ. ಆರಾಮಾಗಿ ಮಲಗ್ತಾಳೆ."

ಅವಳನ್ನು ಇಳಿಸಿದ ಮೇಲೆ ಮುರಳಿ ಕೋಲನ್ನೂ ತೆಗೆದುಕೊಂಡು ಅವಳ ಬಲಗೈಯ ಪಕ್ಕಕ್ಕೆ ಇಟ್ಟ. ಕೊಟ್ರಪ್ಪನ ಕೈ ತಡೆಯಲೆಂದು ಅರ್ಧ ಎದ್ದಿತು. ಸಿದ್ದಕ್ಕ ಅವನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಅವನು ಆ ಕೈಯಲ್ಲೇ ಮೂರು ಹಿಡಿ ಮಣ್ಣು ಹಾಕಿದ. ಮೊದಲ ಹಿಡಿಯೊಂದಿಗೆ ನಮಸ್ಕಾರ ಎಂದುಕೊಂಡ, ಉಳಿದೆರಡಕ್ಕೆ ಏನೂ ತೋಚಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದ. ಒಗೆಯಲು ಬಿದ್ದಿದ್ದ ಅಂಗಿಯ ಜೇಬಿನಿಂದ ಕಾಗದ ತೆಗೆದುಕೊಂಡು, ಮೇಜಿನ ಖಾನೆಯಿಂದ ಉಕ್ಕಿನ ಟೇಪು ಹುಡುಕಿ, ನಾಲ್ಕು ಗಂಟೆಗೆ ಅರವತ್ತೊಂದಕ್ಕೆ ಹೋದ.

ಬೂದಿ ಇನ್ನೂ ಬೆಚ್ಚಗಿತ್ತು. ನಡುವೆ ಹಂಚಿಕಡ್ಡಿಯ ಬುಡಗಳು ಕರ್ರಗೆ ನಿಂತಿದ್ದವು. ಗೆರೆಯ ಬದಿಯ ತಂಗಡಿಗೆ ಒಂದು ಮಗ್ಗುಲು ಮಾತ್ರ ಬಾಡಿತ್ತು, ಇನ್ನೊಂದು ಮಗ್ಗುಲಲ್ಲಿ ಹಳದಿ ಹೂ ಹಾಗೇ ಇತ್ತು. ಗೋಡೆಯ ಪಕ್ಕದ ಹುಲ್ಲುಗುಂಪಿನಲ್ಲಿ ಐದು ಮೊಟ್ಟೆ, ಹಕ್ಕಿ ಇಲ್ಲ. ಕೊಟ್ರಪ್ಪ ಮುಟ್ಟಲಿಲ್ಲ. ದೂರ ಸರಿದು ಕಾಂಪೌಂಡಿನ ನೆರಳಿನಲ್ಲಿ ಕೂತ.

ಹದಿನೇಳು ನಿಮಿಷದ ಮೇಲೆ ಗೌಜಲಹಕ್ಕಿ ಎದುರು ಸೈಟಿನಿಂದ ಹೊರಬಂತು. ರಸ್ತೆ ದಾಟಿತು. ಬೂದಿಯ ಅಂಚಿನಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡಿತು. ಆಮೇಲೆ ಬೋಳು ನೆಲದ ಮೇಲೆ ಪುಟಪುಟನೆ ಓಡಿ ಹುಲ್ಲುಗುಂಪಿನೊಳಗೆ ಸೇರಿ, ಮೈ ಇಳಿಸಿ ಕೂತಿತು.

ಅದು ಕೂತ ಮೇಲೆ ಕೊಟ್ರಪ್ಪ ಎದ್ದ. ಸದ್ದಾಗದಂತೆ ಟೇಪು ಎಳೆದು, ಹುಲ್ಲುಗುಂಪಿನ ಅಂಚಿನಿಂದ ಬೂದಿಯ ಅಂಚಿನವರೆಗೆ ನೆಲದ ಮೇಲೆ ಮಲಗಿಸಿದ. ಸಿದ್ದಕ್ಕನಿಗೆ ಹೊಸ ಕೋಲು ಕಡಿಸಬೇಕಿತ್ತು. ಬಗ್ಗಿ ಓದಿ, ಇನ್ನೊಮ್ಮೆ ಓದಿ, ಸಹಿಯಿಲ್ಲದ ಕಾಗದವನ್ನು ಮೊಳಕಾಲಿನ ಮೇಲೆ ಮಗುಚಿಟ್ಟು ಅದರ ಬೆನ್ನಿಗೆ ಬರೆದುಕೊಂಡ:

ಎರಡು ಕೋಲು. ಒಂಬತ್ತು ಅಡಿ ಎಂಟು ಇಂಚು.